ಅಜೆಕಾರು ಸೀಮೆಯ ಮಳೆನೀರು: ಮದಕ, ಕಟ್ಟ ಮತ್ತು ಅಗ್ಘವಣಿ

ಕರ್ನಾಟಕದ ಕೆರೆಗಳ ಚರಿತ್ರೆಯನ್ನು ಕುರಿತು ಬರೆದ ವಿದ್ವಾಂಸರು ಬಹುಮಟ್ಟಿಗೆ ಬಯಲುಸೀಮೆಯನ್ನೇ ಕಣ್ಮುಂದೆ ಇರಿಸಿಕೊಂಡಿದ್ದಾರೆ. ಮಳೆ ಕಡಿಮೆಯಾದ ನಾಡಿನಲ್ಲಿ ನೀರನ್ನು ಕೂಡಿಡುವ ಸಾಹಸವು ಎದ್ದು ತೋರುವುದು ಸಹಜವೇ. ಆದರೆ ಸಹ್ಯಾದ್ರಿಯ ಅಡಿಯಲ್ಲಿ, ಆಟಿ ತಿಂಗಳಲ್ಲಿ ಅಂಗಳಕ್ಕಿಳಿಯಲೂ ಕೊಡೆ ಬೇಕಾಗುವ ತುಳುನಾಡಿನಲ್ಲಿ ನೀರಿಗೊಂದು ಚರಿತ್ರೆ ಇರಬಹುದೆಂಬ ಯೋಚನೆಯೇ ಅನೇಕರಿಗೆ ಹೊಳೆದಂತಿಲ್ಲ. ಅತಿಯಾಗಿ ಸುರಿಯುವ ನೀರನ್ನು ಊರಿಗೆ ಕೇಡಾಗದಂತೆ ಇಳಿಸುವುದು, ಇಳಿಯುವ ದಾರಿಯಲ್ಲಿಯೇ ಅದನ್ನು ನೆಲಕ್ಕೆ ಕುಡಿಸುವುದು, ಹಾಗೆ ಕುಡಿಸಿದ ನೀರನ್ನು ಬಾವಿಯಲ್ಲಿ ಶುಚಿಯಾಗಿ ಪಡೆಯುವುದು, ಇವು ಮೂರೂ ಇಲ್ಲಿಯ ಹಿರಿಯರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಕಾರ್ಕಳ ತಾಲ್ಲೂಕಿನ ಅಜೆಕಾರು ಸೀಮೆಯನ್ನು ನಡುವಿಟ್ಟುಕೊಂಡು ಆ ಒಂದು ಕೆಲಸವು ಹೇಗೆ ಮೂರಾಗಿ ಒಡೆಯಿತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೊರಟ ದಾರಿಯಲ್ಲಿ ಎಣ್ಣೆಹೊಳೆಯನ್ನು ದಾಟಿದರೆ ಅಜೆಕಾರು. ಅಲ್ಲಿಂದ ಮುಂದೆ ಮುನಿಯಾಲು, ವರಂಗ. ಪೂರ್ವಕ್ಕೆ ಅಂಡಾರು, ಶಿರ್ಲಾಲು, ಕೆರ್ವಾಶೆಗಳ ಆಚೆ ಘಟ್ಟದ ಗೋಡೆ. ಪಡುವಣ ಗಾಳಿ ಆ ಗೋಡೆಗೆ ಬಡಿದು ತನ್ನ ಹೊರೆಯನ್ನು ಇಳಿಸುವುದು ಇಲ್ಲಿಯೇ. ಘಟ್ಟದ ಮೇಲಣ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಅದರ ಬುಡದ ಈ ಊರುಗಳಲ್ಲಿ 4000 ಮಿಲಿಮೀಟರಿಗೆ ಕಡಿಮೆಯಾಗುವ ವರ್ಷ ಅಪರೂಪ. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಮುಗಿದುಹೋಗುತ್ತದೆ. ಒಂದು ಹೆಕ್ಟೇರು ನೆಲದ ಮೇಲೆ 4000 ಮಿಲಿಮೀಟರ್ ಮಳೆಯೆಂದರೆ 4 ಕೋಟಿ ಲೀಟರು ನೀರು. ತರಗತಿಯಲ್ಲಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿದಾಗಲೆಲ್ಲ, ಸೊನ್ನೆಗಳನ್ನು ನಾನು ಹೆಚ್ಚು ಬರೆದೆನೆಂದು ಮಕ್ಕಳು ಕೂಗುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟು ನೀರು ಬಿದ್ದ ಊರಿನಲ್ಲಿ ಏಪ್ರಿಲ್ ತಿಂಗಳಿಗೆ ಬಾವಿಯ ತಳ ಕಾಣುವುದಾದರೆ, ಅದಕ್ಕೆ ಮುಗಿಲನ್ನು ದೂರುವಂತಿಲ್ಲ.

ಇಲ್ಲಿಯ ನೆಲ ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ, ನೆಲದೊಳಗಿರುವಾಗ ಉಪಕರಣದಿಂದ ಕೊಯ್ಯಬಹುದಾದ, ಗಾಳಿಗೆ ಬಿದ್ದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟಿನ್ ಭಾಷೆಯ 'ಇಟ್ಟಿಗೆ' ಎಂಬ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಅದೇ ಪ್ರವಾಸದಲ್ಲಿ ಅವನು ಕಾರ್ಕಳವನ್ನೂ ಹಾದುಹೋದನು. ಮುರಕಲ್ಲಿನ ಮೈಯೆಲ್ಲ ತೂತು. ನೀರು ಅದರೊಳಗೆ ಬೇಗನೆ ಇಳಿಯುತ್ತದೆ, ಅಷ್ಟೇ ಬೇಗನೆ ತಗ್ಗಿನ ಕಡೆಗೆ ಹರಿದೂ ಹೋಗುತ್ತದೆ. ಕೊಟ್ಟದ್ದನ್ನು ಸ್ವೀಕರಿಸುವ, ಸ್ವೀಕರಿಸಿದ್ದನ್ನು ಬಹುಕಾಲ ಉಳಿಸಿಕೊಳ್ಳಲಾಗದ ನೆಲವಿದು. ಇಂತಹ ನೆಲಕ್ಕೆ ನೀರನ್ನು ಒಮ್ಮೆಗೇ ಸುರಿದರೆ ಪ್ರಯೋಜನವಿಲ್ಲ. ಮೇಲಿನಿಂದ ಕೆಳಗಿನವರೆಗೆ ಹಂತಹಂತವಾಗಿ, ದಿನದಿನವೂ ಉಣಿಸುತ್ತಿರಬೇಕು. ಈ ಗುಣವನ್ನು ಅರಿತೇ ಇಲ್ಲಿಯ ಬೇಸಾಯದ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ಎಣಿಸಿದರು. ಎತ್ತರದಲ್ಲಿದ್ದು ಮಳೆಯನ್ನೇ ನೆಚ್ಚಿದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನಲ್ಲಿದ್ದು ಮಳೆ ನಿಂತ ಮೇಲೂ ತೇವವನ್ನು ಹಿಡಿದಿರುವುದು ಬೈಲು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಯಾವ ಗದ್ದೆಗೆ ಎಷ್ಟು ಬೆಳೆ ದಕ್ಕುವುದೆಂಬುದನ್ನು ನಿಶ್ಚಯಿಸುತ್ತಿದ್ದುದು ಈ ಮಟ್ಟವೇ. ಕಂದಾಯದ ಶ್ರೇಣಿಯಂತೆ ಕಾಣುವ ಈ ವಿಂಗಡಣೆ ವಸ್ತುತಃ ನೀರಿನ ನಕ್ಷೆ.

ಗುಡ್ಡೆಯ ನೆತ್ತಿಯ ಸಹಜವಾದ ತಗ್ಗಿಗೆ ತಗ್ಗಿನ ಬದಿಯಲ್ಲಿ ಮಣ್ಣಿನ ಏರಿಯಿಟ್ಟರೆ ಅದು ಮದಕ. ಮದಕದಿಂದ ನೇರವಾಗಿ ಕೊಡವನ್ನಾಗಲಿ ಗದ್ದೆಯನ್ನಾಗಲಿ ತುಂಬುವುದು ಮುಖ್ಯವಲ್ಲ. ಅಲ್ಲಿ ನಿಂತ ನೀರು ಮುರಕಲ್ಲಿನೊಳಗೆ ಇಂಗಿ ಕೆಳಗಿನ ಬಾವಿಗಳಲ್ಲಿ ಏಳುವುದು ಮುಖ್ಯ. ತನ್ನ ನೀರನ್ನು ತಾನು ಬಳಸದೆ ಇನ್ನೊಬ್ಬರ ಬಾವಿಗೆ ಕೊಡುವುದೇ ಅದರ ಕೆಲಸ. ಗುಡ್ಡೆಯಿಂದಿಳಿದ ನೀರು ಕಣಿಗಳಲ್ಲಿ ಹಾದು ತೋಡನ್ನು ಸೇರುತ್ತದೆ. ಮಳೆಗಾಲ ಹಿಂದೆ ಸರಿದು ತೋಡಿನ ರಭಸ ತಗ್ಗಿದ ಮೇಲೆ, ನವೆಂಬರ್ ಡಿಸೆಂಬರುಗಳಲ್ಲಿ, ಊರಿನವರು ಸೇರಿ ಕಲ್ಲು, ಮಣ್ಣು, ಸೊಪ್ಪು, ಅಡಕೆ ಮರದ ಸೀಳುಗಳಿಂದ ಅಡ್ಡಗಟ್ಟೆ ಹಾಕುವರು. ಇದೇ ಕಟ್ಟ. ಒಂದು ಕಟ್ಟದಲ್ಲಿ ಉಕ್ಕಿದ್ದು ಕೆಳಗಿನ ಕಟ್ಟಕ್ಕೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಜೂನಿನ ಮೊದಲ ನೆರೆ ಬಂದಾಗ ಅದು ಕೊಚ್ಚಿಹೋಗುತ್ತದೆ, ಅಥವಾ ಅದಕ್ಕೆ ಮುನ್ನ ಇವರೇ ಬಿಡಿಸುತ್ತಾರೆ. ಹೊರಗಿನವರಿಗೆ ಇದು ವರ್ಷವರ್ಷವೂ ಮಾಡಿ ಕಳೆಯುವ ವ್ಯರ್ಥ ಶ್ರಮವಾಗಿ ತೋರಬಹುದು. ನನ್ನ ಅಭಿಪ್ರಾಯದಲ್ಲಿ ಕಟ್ಟದ ಹಿರಿಮೆ ಇರುವುದು ಆ ನಶ್ವರತೆಯಲ್ಲಿಯೇ. ಮಳೆಗಾಲದ ನೀರಿಗೆ ಅಡ್ಡ ನಿಲ್ಲದೆ ಬೇಸಗೆಯ ನೀರನ್ನು ಮಾತ್ರ ತಡೆಯುವ ಅಣೆಕಟ್ಟೆಗೆ ಹೂಳಿನ ಭಯವಿಲ್ಲ. ಅಷ್ಟೇ ಅಲ್ಲ, ಊರಿನವರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಯಾರ ನೀರು ಎಷ್ಟೆಂದು ಮಾತನಾಡಲೇಬೇಕಾಗುತ್ತಿತ್ತು. ಕಾಸರಗೋಡಿನ ಏತಡ್ಕದಲ್ಲಿ ಈ ಸಾಮೂಹಿಕ ಕಟ್ಟದ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದುದನ್ನು ಶ್ರೀ ಪಡ್ರೆಯವರು ವಿವರವಾಗಿ ಬರೆದು ದಾಖಲಿಸಿದ್ದಾರೆ.

ಈ ಸರಪಳಿಯಲ್ಲಿ ವಿದ್ವಾಂಸರು ಅಷ್ಟಾಗಿ ಗಮನಿಸದ ಕೊಂಡಿಯೊಂದಿದೆ, ಅದು ಕುಮ್ಕಿ. ವರ್ಗಭೂಮಿಯ ಅಂಚಿನಿಂದ ನೂರು ಗಜದಷ್ಟು ದೂರದವರೆಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ಪಡೆಯುವ ಹಕ್ಕು ವರ್ಗದಾರನಿಗೆ ಇತ್ತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವೂ ಈ ಸೌಲಭ್ಯವನ್ನು ಉಳಿಸಿಕೊಂಡಿತು. ನ್ಯಾಯಾಲಯದ ಕಟ್ಟುಗಳಲ್ಲಿ ಕುಮ್ಕಿಯೆಂದರೆ ಸೊಪ್ಪಿನ ಹಕ್ಕು. ನೆಲದ ಮೇಲೆ ನೋಡಿದರೆ ಪ್ರತಿಯೊಂದು ಗದ್ದೆಯ ತಲೆಯ ಮೇಲೂ ಕಡಿಯದೆ ಬಿಟ್ಟ ಒಂದು ಹಾಡಿ. ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿಯದೆ ಎಲೆಯಿಂದ ಎಲೆಗೆ ಇಳಿದು, ತರಗಿನ ಹಾಸಿನಲ್ಲಿ ಸೋಸಿ, ನಿಧಾನವಾಗಿ ಬೈಲಿಗೆ ಬರುತ್ತಿತ್ತು. ಕಾನೂನು ಬರೆದವರ ಮನಸ್ಸಿನಲ್ಲಿ ಇದಿತ್ತೆಂದು ನಾನು ಹೇಳುತ್ತಿಲ್ಲ. ಗೊಬ್ಬರಕ್ಕೆಂದು ಉಳಿದ ಹಾಡಿ ನೀರನ್ನೂ ಕಾಯಿತು ಎಂಬುದಿಷ್ಟೇ ನನ್ನ ಮಾತು.

ಇನ್ನು ಅರಸರ ಪಾಲು. ಕಾರ್ಕಳದ ಭೈರರಸರನ್ನು ಲೋಕವು ಸ್ಮರಿಸುವುದು 1432ರಲ್ಲಿ ನಿಂತ ಗೊಮ್ಮಟನಿಂದಾಗಿ, 1586ರ ಚತುರ್ಮುಖ ಬಸದಿಯಿಂದಾಗಿ. ಆ ಮನೆತನದ ರಾಮನಾಥನ ಹೆಸರನ್ನು ಹೊತ್ತ ರಾಮಸಮುದ್ರವೂ, ನಡುವೆ ಬಸದಿಯನ್ನು ಹೊತ್ತ ಆನೆಕೆರೆಯೂ ಕಲ್ಲಿನ ಕೀರ್ತಿಗೆ ಕಡಿಮೆಯಾದವಲ್ಲ. ವರಂಗದ ಕೆರೆಬಸದಿಗೆ ಇಂದಿಗೂ ದೋಣಿಯಲ್ಲಿಯೇ ಹೋಗಬೇಕು. ದೇವಾಲಯವನ್ನು ನೀರಿನ ನಡುವೆ ನಿಲ್ಲಿಸಿದ ಮೇಲೆ ಆ ನೀರನ್ನು ಕೊಳಕು ಮಾಡುವ ಧೈರ್ಯ ಯಾರಿಗೆ ಬಂದೀತು? ನೀರಿನ ಶುಚಿಗೆ ಇದಕ್ಕಿಂತ ಬಲವಾದ ಕಾವಲನ್ನು ನಾನು ಕಂಡಿಲ್ಲ.

ವಿಜಯನಗರದ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಉಲ್ಲೇಖ ಬರುವುದು ಶಾಸನಾಭ್ಯಾಸಿಗಳಿಗೆ ತಿಳಿದಿದೆ. ಜಲವು ಭೂಮಿಯೊಡನೆ ಕೊಡಲ್ಪಡುವ ಭೋಗ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಬರೆಸಿದ ಶಾಸನವು ಇನ್ನೊಂದು ಮುಖವನ್ನು ತೋರಿಸುತ್ತದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು ಮುಂತಾದವುಗಳ ಜೊತೆಗೆ ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದೂ, ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದೂ ದೋಷವೆಂದು ಅಲ್ಲಿ ಹೇಳಿದೆ. ಕೊನೆಯ ದೋಷವನ್ನು ಗಮನಿಸಬೇಕು. ಮಳೆ ಕಡಿಮೆಯಾದ ರಾಯಲಸೀಮೆಯಲ್ಲಿ ನಿಂತು ಬರೆದವನಿಗೂ ಹೆಚ್ಚಾದ ನೀರು ಒಂದು ದೋಷವೆಂಬ ಅರಿವಿತ್ತು.

ನಮ್ಮ ಪತ್ರಿಕೆಯ ಓದುಗರಿಗೆ ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ನೆನಪು ಬರದಿರದು. ಕೆರೆ ಕಟ್ಟಿಸುವ ಕಾಯಕದಲ್ಲಿ ನಿರತರಾಗಿದ್ದ ಅವರನ್ನು ಕಾಣಲು ಬಂದ ಅಲ್ಲಮಪ್ರಭುಗಳು, ಅಗೆಯುತ್ತಿದ್ದವರನ್ನು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರೆಂದೂ, ಕೇಳಿದವರು ಕೆರಳಿ ಕಲ್ಲೆಸೆದರೆಂದೂ ಶೂನ್ಯಸಂಪಾದನೆಯ ಕಥನ. ಈ ಪ್ರಸಂಗವನ್ನು ಹೊರಗಣ ಕೆಲಸವೆಲ್ಲ ಹೀನ, ಒಳಗಣ ಸಾಧನೆಯೊಂದೇ ಶ್ರೇಷ್ಠ ಎಂದು ವ್ಯಾಖ್ಯಾನಿಸುವವರಿದ್ದಾರೆ. ಆ ವ್ಯಾಖ್ಯಾನ ನನಗೆ ಒಪ್ಪಿಗೆಯಿಲ್ಲ. ಪ್ರಭುಗಳು ಮುರಿಯಲು ಬಂದದ್ದು ಕಟ್ಟಿಸಿದೆನೆಂಬ ಹಮ್ಮನ್ನು, ಕೆರೆಯ ಏರಿಯನ್ನಲ್ಲ. ಸಿದ್ಧರಾಮರು ಕಲ್ಯಾಣಕ್ಕೆ ಹೋದರು, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಸೊಲ್ಲಾಪುರದ ಕೆರೆ ಮಾತ್ರ ಅಲ್ಲಿಯೇ ಉಳಿಯಿತು, ಇಂದಿಗೂ ಇದೆ. ಕಟ್ಟವನ್ನು ನೋಡಿದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುವುದಕ್ಕೆ ಕಾರಣವಿದೆ. ಕಟ್ಟಕ್ಕೆ ಕಟ್ಟಿಸಿದವನ ಹೆಸರಿಲ್ಲ, ಜೂನಿನ ಮಳೆ ಅದನ್ನು ಉಳಿಸುವುದಿಲ್ಲ.

ಶುದ್ಧಿಯ ಪ್ರಶ್ನೆಗೂ ವಚನಸಾಹಿತ್ಯದಲ್ಲಿ ಒಂದು ಶಬ್ದದ ಸಾಕ್ಷ್ಯವಿದೆ. ಅಗ್ಘವಣಿ ಎಂಬುದು ಅರ್ಘ್ಯಪಾನೀಯದ ತದ್ಭವ, ಪೂಜೆಗೆ ತರುವ ನೀರು. ಅಗ್ಘವಣಿ ಹೊನ್ನಯ್ಯ, ಅಗ್ಘವಣಿ ಹಂಪಯ್ಯ ಎಂಬ ಶರಣರ ಹೆಸರುಗಳಲ್ಲಿ ಆ ಕಾಯಕವೇ ನಿಂತಿದೆ. ತೀರ್ಥದಲ್ಲಿ ಮಿಂದ ಮಾತ್ರಕ್ಕೆ ಮನಸ್ಸು ಶುಚಿಯಾಗುವುದೆಂಬುದನ್ನು ಶರಣರು ಒಪ್ಪಲಿಲ್ಲ. ಹಾಗೆಂದು ನೀರು ಹೇಗಿದ್ದರೂ ನಡೆದೀತೆಂದೂ ಅವರು ಹೇಳಲಿಲ್ಲ. ಶೀಲವಂತರ ನೇಮಗಳಲ್ಲಿ ನೀರನ್ನು ಸೋಸಿ ಬಳಸುವುದೂ ಸೇರಿತು. ಕಾರ್ಕಳದ ಜೈನರ ಮನೆಗಳಲ್ಲಿಯೂ ಬಟ್ಟೆಯಲ್ಲಿ ಸೋಸದ ನೀರನ್ನು ಕುಡಿಯದ ವ್ರತ ಪ್ರಾಚೀನವಾದುದು. ಅವರಲ್ಲಿ ಅದು ಅಹಿಂಸೆಗಾಗಿ, ನಮ್ಮಲ್ಲಿ ಲಿಂಗಾರ್ಪಣೆಗಾಗಿ. ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಮಾತ್ರ ಒಂದೇ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರನ್ನು ಸೋಸಿ ಬಳಸಿದ ಊರುಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು, ಅಂದರೆ ನೂರಕ್ಕೆ 48ರಷ್ಟು, ತಗ್ಗಿತು. ಕಾಲರಾದ ಅಣುಜೀವಿ ನೀರಿನ ಸಣ್ಣ ಜಂತುಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆ ಅದನ್ನು ತಡೆಯುತ್ತದೆ. ಬಟ್ಟೆ ಎಲ್ಲ ರೋಗಾಣುಗಳನ್ನೂ ತಡೆಯದು, ಕುದಿಸುವುದು ತಪ್ಪದು; ಆದರೂ ನೇಮವು ಬರಿಯ ಆಚಾರವಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಮೇಲೆ ಹೇಳಿದ ವ್ಯವಸ್ಥೆಯೆಲ್ಲ ನಿಂತದ್ದು ಒಂದು ಋಣದ ಮೇಲೆ: ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರನ್ನೂ ಕೊಡಬೇಕು, ಕೊಡುವ ನೀರನ್ನು ಕೆಡಿಸದೆಯೂ ಕೊಡಬೇಕು. ಈ ಋಣವನ್ನು ತೀರಿಸುವಂತೆ ನೋಡಿಕೊಳ್ಳುತ್ತಿದ್ದವರು ಯಾರು? ಕೆಳದಿಯ ಶಿವಪ್ಪನಾಯಕನ ಸಿಸ್ತು ನೆಲದ ಗುಣವನ್ನೂ ನೀರಿನ ಅನುಕೂಲವನ್ನೂ ನೋಡಿ ಗದ್ದೆಗಳನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿಗಳಾಗಿ ವಿಂಗಡಿಸಿತೆಂಬುದು ಪ್ರಸಿದ್ಧ. ತೆರಿಗೆಯ ಲೆಕ್ಕದಲ್ಲಿ ನೀರಿತ್ತು. ಅದನ್ನು ಕಾಯುವ ಕೆಲಸ ಊರಿನದಾಗಿಯೇ ಉಳಿಯಿತು. 1799ರ ಅನಂತರ ಇಂಗ್ಲಿಷರ ಆಳ್ವಿಕೆ ಬಂದಾಗಲೂ ತೋಡಿನ ಕಟ್ಟಕ್ಕೆ ಜನ ಕರೆಯುತ್ತಿದ್ದುದು ಗುತ್ತಿನ ಮನೆಯವರು ಅಥವಾ ಊರಿನ ದೊಡ್ಡ ವರ್ಗದಾರರು. ಕರೆಗೆ ಓಗೊಡುತ್ತಿದ್ದವರು ಗೇಣಿಯ ಒಕ್ಕಲುಗಳು. ಆ ಕರೆಯಲ್ಲಿ ಸಹಕಾರವೆಷ್ಟೋ ಬಲವಂತವೂ ಅಷ್ಟೇ ಇತ್ತು. ಅದನ್ನು ಸತ್ಯಯುಗವೆಂದು ವರ್ಣಿಸುವುದು ಸಲ್ಲದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವವನಿಗೆ ನೆಲವನ್ನು ಕೊಟ್ಟಿತು. ಅದು ನ್ಯಾಯವೇ ಸರಿ. ಆದರೆ ನೆಲ ಹಂಚಿಹೋದಂತೆ ಕಟ್ಟದ ಹೊಣೆ ಹಂಚಿಹೋಗಲಿಲ್ಲ. ಒಡೆಯನ ಕರೆ ನಿಂತಿತು, ಒಕ್ಕಲುಗಳು ತಾವೇ ಸೇರಿ ಕರೆದುಕೊಳ್ಳುವ ಪದ್ಧತಿ ಎಲ್ಲೆಡೆ ಹುಟ್ಟಲಿಲ್ಲ. ಅಷ್ಟರಲ್ಲಿ ಪಂಪು ಬಂದಿತು. ತನ್ನ ಹಿತ್ತಲಿನಲ್ಲಿಯೇ ನೀರೆತ್ತುವವನಿಗೆ ನೆರೆಯವನ ಹಂಗೇನು?

ಇಂದು ಬೆಟ್ಟುಗದ್ದೆಗಳು ಬಹುವಾಗಿ ಹಡಿಲು ಬಿದ್ದಿವೆ, ಇಲ್ಲವೆ ರಬ್ಬರು, ಅಡಕೆ, ಮನೆಗಳಾಗಿವೆ. ಹುಣಿ ಕಟ್ಟಿದ ಒಂದು ಹೆಕ್ಟೇರು ಗದ್ದೆಯಲ್ಲಿ ಒಂದು ಗೇಣಿಗೂ ಕಡಿಮೆ, 10 ಸೆಂಟಿಮೀಟರ್ ನೀರು ನಿಂತರೂ ಅದು 10 ಲಕ್ಷ ಲೀಟರು. ಏಣೆಲಿನ ನಾಟಿಯಿಂದ ಕೊಯ್ಲಿನವರೆಗೆ ಗದ್ದೆ ಇಷ್ಟು ನೀರನ್ನು ಹಿಡಿಯುತ್ತ, ಇಂಗಿಸುತ್ತ, ಮತ್ತೆ ತುಂಬಿಕೊಳ್ಳುತ್ತ ಇತ್ತು. ಹುಣಿ ಒಡೆದ ಗದ್ದೆ ಹಿಡಿಯುವುದಿಲ್ಲ. ಸಿಮೆಂಟಿನ ಚರಂಡಿಯಂತೂ ನೀರನ್ನು ಎಷ್ಟು ಬೇಗ ಸಾಗಹಾಕಿದರೆ ಅಷ್ಟು ಒಳ್ಳೆಯದೆಂಬ ಒಂದೇ ಆಲೋಚನೆಯಿಂದ ಹುಟ್ಟಿದ್ದು. ಅದರ ತಳದಲ್ಲಿ ಮುರಕಲ್ಲಿದ್ದರೂ ಹನಿ ನೀರು ಇಳಿಯದು. ಅಜೆಕಾರು ಸೀಮೆಯ ತೋಡುಗಳು ಎಣ್ಣೆಹೊಳೆಯನ್ನು ಸೇರಿ ಸ್ವರ್ಣಾ ನದಿಯನ್ನು ಕೂಡುತ್ತವೆ. ಆ ಸ್ವರ್ಣೆಯ ಬಜೆ ಅಣೆಕಟ್ಟೆಯಿಂದ ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ಮುಗಿಯುತ್ತ ಬಂದು ನಗರಕ್ಕೆ ಸರದಿಯಂತೆ ಹಂಚಬೇಕಾಯಿತು. 2020ರ ಸೆಪ್ಟೆಂಬರ್ 20ರಂದು ಅದೇ ಸ್ವರ್ಣೆ ಉಕ್ಕಿ ಉಡುಪಿಯ ತಗ್ಗಿನ ಬೀದಿಗಳಲ್ಲಿ ದೋಣಿ ನಡೆಯಿತು. ನಡುವೆ ಹದಿನಾರು ತಿಂಗಳು. ಬರ, ನೆರೆಗಳನ್ನು ಎರಡು ವಿಪತ್ತುಗಳೆಂದು ಬೇರೆ ಬೇರೆ ಕಡತಗಳಲ್ಲಿ ಬರೆಯುವವರು ಘಟ್ಟದ ಬುಡದವರೆಗೆ ನದಿಯ ಜೊತೆ ನಡೆದು ನೋಡಲಿ.

ಪ್ರಮಾಣ ಕೆಟ್ಟಲ್ಲಿ ಗುಣವೂ ಕೆಟ್ಟಿತು. ತರಗಿನ ಹಾಸಿಲ್ಲದ ಗುಡ್ಡೆಯಿಂದ ಇಳಿದ ಕೆಂಪು ನೀರು ಮೊದಲ ಮಳೆಗೆ ತಾನು ಕಂಡದ್ದನ್ನೆಲ್ಲ, ಹಟ್ಟಿಯ ಕೊಳಕು, ರಸ್ತೆಯ ಎಣ್ಣೆ, ಕಸ, ಎಲ್ಲವನ್ನೂ, ಹೊತ್ತು ಬರುತ್ತದೆ. ಅಡಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ಮದ್ದಿನ ತಾಮ್ರ ತೋಟದ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗಿ, ಮಣ್ಣು ಕೊಚ್ಚಿದಾಗ ಅದರೊಡನೆ ತೋಡಿಗಿಳಿಯುತ್ತದೆ. ಇದಕ್ಕಿಂತ ಹತ್ತಿರದ ಅಪಾಯ ಬಚ್ಚಲು ಮತ್ತು ಶೌಚದ ಗುಂಡಿಗಳದು. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಲಿ ಎಂಬುದು ಸಾಮಾನ್ಯವಾಗಿ ಹೇಳುವ ನಿಯಮ. ತೂತುಬಿದ್ದ ಮುರಕಲ್ಲಿನಲ್ಲಿ, ಜುಲೈ ತಿಂಗಳಲ್ಲಿ ಅಂತರ್ಜಲ ನೆಲದ ಮಟ್ಟಕ್ಕೆ ಏರಿರುವಾಗ, ಅಷ್ಟೂ ಸಾಲದೆ ಹೋಗಬಹುದು. ಬಾವಿ ತುಂಬಿ ಕೈಗೆಟುಕುವಾಗ ನೋಡಲು ಚೆಂದ. ರೋಗದ ಭಯ ಹೆಚ್ಚಾಗಿರುವುದೂ ಆಗಲೇ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಒಂದು ಬೀದಿಯ ಕೈಪಂಪಿನ ನೀರಿನಿಂದಲೇ ಕಾಲರಾ ಹರಡಿತೆಂದು ಮನೆಮನೆಯ ಲೆಕ್ಕ ತೆಗೆದು ತೋರಿಸಿದನು. ಆ ಬಾವಿಯ ಪಕ್ಕದಲ್ಲಿಯೂ ಒಂದು ಕೊಳಕುಗುಂಡಿ ಇತ್ತು. ನೂರು ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಮಲಮೂಲದ ಇ. ಕೊಲೈ ಅಣುಜೀವಿ ಒಂದೂ ಕಾಣಬಾರದೆಂಬುದು ಭಾರತೀಯ ಮಾನಕದ ನಿಬಂಧನೆ. ಕಣ್ಣಿಗೆ ತಿಳಿಯಾದ ನೀರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದಿಲ್ಲ. ಬಾವಿಗೆ ಎತ್ತರದ ಕಟ್ಟೆ, ಸುತ್ತಲೂ ಹೊರಕ್ಕೆ ಇಳಿಜಾರಾದ ಹಾಸುಗಲ್ಲು, ಗುಡ್ಡೆಯ ನೀರು ಅತ್ತ ಸುಳಿಯದಂತೆ ಮೇಲೊಂದು ಅಗಳು, ಇವಿಷ್ಟನ್ನೂ ಹಿರಿಯರು ಮಾಡಿದ್ದರು. ಅಗಳನ್ನು ಮಾತ್ರ ನಾವು ಮುಚ್ಚಿ ವಾಹನ ನಿಲ್ಲಿಸುತ್ತಿದ್ದೇವೆ.

ಲೋಕವು ಈಗ ಹಳೆಯ ದಾರಿಗೆ ಮರಳುತ್ತಿರುವ ಸೂಚನೆಗಳಿವೆ. ಅಮೆರಿಕದ ಫಿಲಡೆಲ್ಫಿಯಾ ನಗರವು ಮಳೆಯ ನೀರನ್ನು ಕೊಳವೆಗೆ ಬಿಡದೆ ಬೀದಿಯ ಮಣ್ಣಿಗೇ ಇಂಗಿಸುವ ಇಪ್ಪತ್ತೈದು ವರ್ಷಗಳ ಯೋಜನೆಯನ್ನು 2011ರಲ್ಲಿ ಕೈಗೊಂಡಿತು. ಚೀನಾದಲ್ಲಿ ಇದೇ ಆಲೋಚನೆಗೆ ಸ್ಪಂಜಿನ ನಗರವೆಂದು ಹೆಸರು. ನಮ್ಮಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಕುಡಿಯುವ ನೀರೂ ಚರಂಡಿಯೂ ಗ್ರಾಮ ಪಂಚಾಯತಿಯ ಹೊಣೆಯಾಗಿವೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಜಲಾನಯನವೂ ಸೇರಿದೆ. ಉದ್ಯೋಗ ಖಾತರಿಯ ದುಡಿಮೆಯಿಂದ ಇಂಗುಗುಂಡಿ, ಕಟ್ಟ, ಮದಕಗಳ ಹೂಳೆತ್ತುವಿಕೆ ಅನೇಕ ಕಡೆ ನಡೆದಿವೆ. ನೂರು ಚದರ ಮೀಟರಿನ ಒಂದು ಹಂಚಿನ ಮಾಡಿನಿಂದ ವರ್ಷಕ್ಕೆ 4 ಲಕ್ಷ ಲೀಟರು ನೀರು ಇಳಿಯುತ್ತದೆ. ತಲೆಗೆ ದಿನಕ್ಕೆ 55 ಲೀಟರಿನಂತೆ ಐವರ ಸಂಸಾರಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು 1 ಲಕ್ಷ. ಉಳಿದ ಮೂರು ಪಾಲು ನೆರೆಯವನ ಅಂಗಳಕ್ಕೆ ಹೋಗುವುದೋ ನೆಲದೊಳಕ್ಕೆ ಹೋಗುವುದೋ ಎಂಬುದನ್ನು ನಿಶ್ಚಯಿಸುವುದು ಮನೆಯ ಹಿಂದಿನ ಒಂದು ಗುಂಡಿ.

ಸಾಹಿತ್ಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯದಲ್ಲಿದ್ದ ಕಾಲದ ಅಡಂಗಲ್ ಪುಸ್ತಕಗಳಲ್ಲಿ ಪ್ರತಿಯೊಂದು ಗ್ರಾಮದ ತೋಡು ಪರಂಬೋಕು, ಕೆರೆ, ಮದಕಗಳು ಸರ್ವೆ ನಂಬರಿನೊಡನೆ ನಮೂದಾಗಿವೆ. ಶಾಸನಗಳನ್ನು ಓದುವ ಶ್ರದ್ಧೆಯಿಂದ ಇವನ್ನೂ ಓದಬೇಕು. ಅಜೆಕಾರು ಹೋಬಳಿಯ ಮರ್ಣೆ, ಅಂಡಾರು, ಶಿರ್ಲಾಲು, ಕೆರ್ವಾಶೆ ಮೊದಲಾದ ಗ್ರಾಮಗಳ ಪುಸ್ತಕವನ್ನು ಕೈಯಲ್ಲಿ ಹಿಡಿದು, ಪತ್ತನಾಜೆಗೆ ಮುನ್ನ, ನೆಲ ಒಣಗಿರುವಾಗ ಒಂದೊಂದು ನಂಬರಿನ ಬಳಿಗೂ ನಡೆದುಹೋಗಿ, ಮದಕವೆಂದು ಬರೆದಲ್ಲಿ ಈಗ ಏನಿದೆ ಎಂಬುದನ್ನು ಎದುರಿನ ಅಂಕಣದಲ್ಲಿ ಬರೆದುಕೊಂಡು ಬಂದರೆ, ಆ ಪಟ್ಟಿಯನ್ನು ಮರುವರ್ಷದ ಗ್ರಾಮಸಭೆಯ ಮುಂದೆ ಇಡಬಹುದು.